ಮುಂಜಾನೆಯ ಬಿಸಿ ನುಚ್ಚು: ಮನೆಯಲ್ಲೇ ಮಾಡುವ ಬಗೆ

ಗೋಡೆಯ ಮುಂದೆ ನಿಂತು ಓದುತ್ತಿರುವ ಗೆಳೆಯ ಗೆಳತಿಯರೇ, ಈ ಸಲ ನಾನು ಕಥೆಯನ್ನೂ ಬರೆದಿಲ್ಲ, ಚುಟುಕವನ್ನೂ ಬರೆದಿಲ್ಲ. ಹೊಟ್ಟೆಯ ವಿಷಯ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ. ಒಂದೇ ಸಲಕ್ಕೆ ಓದಲಾಗದಿದ್ದರೆ ಇವತ್ತು ಅರ್ಧ, ನಾಳೆ ಅರ್ಧ ಓದಿರಿ. ಆದರೆ ಎಚ್ಚರಿಕೆಯ ಭಾಗವನ್ನು ಮಾತ್ರ ಬಿಡಬೇಡಿರಿ.

ಆ ಶನಿವಾರ ಏನಾಯಿತು?

ಶನಿವಾರ ನಮಗೆ ಮುಂಜಾನೆ ಶಾಲೆ ಇರುವುದು ನಿಮಗೆಲ್ಲ ಗೊತ್ತೇ ಇದೆ. ಪ್ರಾರ್ಥನೆ ಮುಗಿದು ಕವಾಯತು ನಡೆದಿತ್ತು. ನನ್ನ ಮುಂದಿನ ಸಾಲಿನಲ್ಲಿದ್ದ ಗೆಳತಿ ಕೈ ಮೇಲೆತ್ತಿದವಳು ಹಾಗೆಯೇ ಕುಸಿದು ಕುಳಿತಳು. ಅಕ್ಕೋರು ಓಡಿ ಬಂದು ಅವಳನ್ನು ನೆರಳಿಗೆ ಕರೆದುಕೊಂಡು ಹೋಗಿ ಬೆಲ್ಲ ನೀರು ಕೊಟ್ಟರು. "ಏನ್ ತಿಂದ್ ಬಂದೀ ಬೇ?" ಅಂತ ಕೇಳಿದರು. "ಚಹಾ ಕುಡದೇನ್ರಿ" ಅಂದಳು. "ಮತ್ತ?" ಅಂದರು. ಅವಳು ಸುಮ್ಮನಾದಳು. ಹಿಂದಿನಿಂದ ಕೆಲವರು ನಕ್ಕರು.

ಆಗ ಅಕ್ಕೋರು ಸಿಟ್ಟಾಗದೆ ಎಲ್ಲರಿಗೂ ಒಂದು ಪ್ರಶ್ನೆ ಕೇಳಿದರು. "ಬರೇ ಚಹಾ ಕುಡದು, ಇಲ್ಲಾ ಚಹಾದಾಗ ಖಾರಿ ಅದ್ದಿ ತಿಂದು ಬಂದವರು ಕೈ ಎತ್ತರಿ." ಬಹಳ ಕೈಗಳು ಮೇಲೆ ಬಂದವು. ನಕ್ಕವರ ಕೈಗಳೂ ಅದರಲ್ಲಿ ಇದ್ದವು. ನನ್ನ ಕೈಯೂ ಇತ್ತು.

ಮಧ್ಯಾಹ್ನ ಮನೆಗೆ ಹೋಗುವಾಗ ಅವಳು ನನಗೆ ಹೇಳಿದಳು: "ಅವ್ವ ಐದಕ್ಕ ಏಳ್ತಾಳ. ರೊಟ್ಟಿ ಬಡಿಯೂದ್ರಾಗ ಕಬ್ಬಿನ ಕಳೇಕ್ಕ ಹೋಗು ಗಾಡಿ ಬರ್ತೈತಿ. ಬಡದ ರೊಟ್ಟಿ ಅವ್ವ ಅಪ್ಪನ ಬುತ್ತಿಗಿ ಹೋಗ್ತಾವ. ನಾನು ಚಹಾ ಕುಡೀತೇನಿ. ಚಹಾ ಕುಡದ್ರ ಹಸಿವಿ ಸಾಯ್ತೈತಿ."

ಈ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಅವ್ವನಿಗೆ ಹೊತ್ತಿಲ್ಲ, ಅಷ್ಟೇ. ಹಾಗಾದರೆ ನಮ್ಮ ವಯಸ್ಸಿನ ಹುಡುಗ ಅಥವಾ ಹುಡುಗಿ ತಾನೇ ಇಪ್ಪತ್ತು ನಿಮಿಷದಲ್ಲಿ ಮಾಡಿಕೊಂಡು, ತಮ್ಮ ತಂಗಿಗೂ ಕೊಟ್ಟು, ತಾನೂ ಉಂಡು ಬರುವಂಥ ಅಡುಗೆ ಯಾವುದು? ಇದನ್ನು ನಮ್ಮ ಆಯಿಗೆ ಕೇಳಿದೆ. ಆಯಿ ನಕ್ಕು, "ನುಚ್ಚು ಅನ್ನೂದು ಮರತs ಬಿಟ್ರಿ ನೀವು" ಅಂದಳು. ಆಯಿ ಹೇಳಿದ್ದು, ಅಕ್ಕೋರು ಹೇಳಿಕೊಟ್ಟದ್ದು, ನಾನು ಮೂರು ಸಲ ಕೆಡಿಸಿ ನಾಲ್ಕನೇ ಸಲ ಕಲಿತದ್ದು, ಎಲ್ಲ ಕೂಡಿಸಿ ಇಲ್ಲಿ ಬರೆದಿದ್ದೇನೆ. ಆ ಗೆಳತಿ ಇದನ್ನು ಮೊದಲೇ ಓದಿ, "ಅಂಟಿಸು, ನನ್ನ ಹೆಸರು ಮಾತ್ರ ಬರೀಬ್ಯಾಡ" ಅಂದಿದ್ದಾಳೆ.

ಮುಂಜಾನೆ ಯಾಕೆ ಉಣ್ಣಬೇಕು?

ರಾತ್ರಿ ಎಂಟಕ್ಕೆ ಉಂಡು ಮಲಗಿದೆವು ಅನ್ನಿರಿ. ಮರುದಿನ ಶಾಲೆಯ ಬಿಸಿಯೂಟ ಸಿಗುವುದು ಮಧ್ಯಾಹ್ನ. ನಡುವೆ ಹದಿನೇಳು ತಾಸಿನಷ್ಟು ಹೊತ್ತಾಯಿತು. ನಾವು ಮಲಗಿದ್ದರೂ ಮೈಯ ಕೆಲಸ ನಿಲ್ಲುವುದಿಲ್ಲ. ಎದೆ ಬಡಿಯುತ್ತದೆ, ಉಸಿರಾಡುತ್ತದೆ, ಮಿದುಳು ಕೆಲಸ ಮಾಡುತ್ತದೆ. ಮಿದುಳಿಗೆ ಮುಖ್ಯ ಆಹಾರ ಗ್ಲೂಕೋಸ್. ಉಂಡ ಅನ್ನ ರೊಟ್ಟಿಯ ಗ್ಲೂಕೋಸನ್ನು ನಮ್ಮ ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಂಡು, ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ. ಮನೆಯ ಹಗೇವಿನಿಂದ ದಿನಾ ಕಾಳು ತೆಗೆದಂತೆ. ಬೆಳಗಾಗುವಷ್ಟರಲ್ಲಿ ಆ ಹಗೇವು ಬಹಳ ಮಟ್ಟಿಗೆ ಬರಿದಾಗಿರುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲಿ ಬೇಗ ಬರಿದಾಗುತ್ತದೆ.

ಆಗ ಸಕ್ಕರೆ ಹಾಕಿದ ಚಹಾ ಕುಡಿದರೆ ಏನಾಗುತ್ತದೆ? ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ, ಬೇಗ ಖರ್ಚಾಗಿಯೂ ಹೋಗುತ್ತದೆ. ಹಸಿವು ಸತ್ತಂತೆ ಅನಿಸುತ್ತದೆ, ಆದರೆ ಮೈಗೆ ಏನೂ ಸಿಕ್ಕಿರುವುದಿಲ್ಲ. ಇನ್ನೊಂದು ಮಾತು. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವು ನಾವು ತಿಂದ ಆಹಾರದ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಕಬ್ಬಿಣ ಕಡಿಮೆಯಾದರೆ ರಕ್ತಹೀನತೆ ಬರುತ್ತದೆ. ರಕ್ತಹೀನತೆ ಬಂದರೆ ದಣಿವು, ತಲೆ ತಿರುಗುವುದು, ಓದಿದ್ದು ತಲೆಗೆ ಹತ್ತದಿರುವುದು. ಹುಡುಗಿಯರಿಗೆ ಇದು ಹೆಚ್ಚು.

ಖಾರಿಯನ್ನು ಮೈದಾ ಹಿಟ್ಟು ಮತ್ತು ಡಾಲ್ಡಾದಿಂದ ಮಾಡುತ್ತಾರೆ. ಗೋಧಿಯ ಮೇಲಿನ ತೌಡು, ಒಳಗಿನ ಮೊಳಕೆಯ ಕಣ್ಣು ಎರಡನ್ನೂ ತೆಗೆದು ಹಾಕಿದ ಮೇಲೆ ಉಳಿಯುವುದೇ ಮೈದಾ. ಅಂದರೆ ಒಳ್ಳೆಯದನ್ನು ತೆಗೆದು ಉಳಿದದ್ದನ್ನು ನಾವು ರೊಕ್ಕ ಕೊಟ್ಟು ತರುತ್ತೇವೆ.

ನಮ್ಮ ಶಾಲೆಗಳಲ್ಲಿ ಹಾಲು ಕೊಡುತ್ತಾರಲ್ಲ ಅಂತ ನೀವು ಕೇಳಬಹುದು. ನಿಜ. ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಶುರುವಾಯಿತು. 2024ರಲ್ಲಿ ಆ ಹಾಲಿಗೆ ರಾಗಿ ಮಾಲ್ಟ್ ಸೇರಿಸಿ ಕೊಡುವುದೂ ಆರಂಭವಾಯಿತು. ಅದು ಬಹಳ ಒಳ್ಳೆಯ ಕೆಲಸ. ಆದರೆ ಅದು ಒಂದು ಲೋಟ. ಅದರ ಜೊತೆಗೆ ಮನೆಯ ತಿಂಡಿ ಇರಬೇಕೇ ಹೊರತು, ಮನೆಯ ತಿಂಡಿಯ ಜಾಗದಲ್ಲಿ ಅದೊಂದೇ ಸಾಲದು. ರಜೆಯ ದಿನ ಏನು ಮಾಡುವುದು? ಇನ್ನೂ ಶಾಲೆಗೆ ಬಾರದ ತಮ್ಮ ತಂಗಿಯರು ಏನು ಮಾಡುವುದು?

ನುಚ್ಚು ಹೊಸದಲ್ಲ

ಆಯಿ ಸಣ್ಣವಳಿದ್ದಾಗ ನಸುಕಿನಲ್ಲಿ ಎದ್ದು ಜೋಳಕ್ಕೆ ನೀರು ಚಿಮುಕಿಸಿ ಒಳ್ಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುತ್ತಿದ್ದರಂತೆ. ಮೊರದಿಂದ ಕೇರಿ ಹೊಟ್ಟು ತೆಗೆದು, ಬೀಸುವ ಕಲ್ಲಿನಲ್ಲಿ ದಪ್ಪಗೆ ಒಡೆದು, ಮಣ್ಣಿನ ಗಡಿಗೆಯಲ್ಲಿ ಕುದಿಸುತ್ತಿದ್ದರಂತೆ. ಬಿಸಿ ಇದ್ದಾಗ ಹಾಲು ಬೆಲ್ಲ, ಆರಿದ ಮೇಲೆ ಮಜ್ಜಿಗೆ ಉಳ್ಳಾಗಡ್ಡಿ. ಜೋಳದ ಹಿಟ್ಟನ್ನು ನೀರಾಗಿ ಕಾಸಿದರೆ ಅಂಬಲಿ. ಹೊಲಕ್ಕೆ ಹೋಗುವವರು ಅಂಬಲಿ ಕುಡಿದೇ ಹೋಗುತ್ತಿದ್ದರು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಬೆಳೆಯ ಚಿತ್ರವೇ ಬದಲಾಗಿದೆ. ಘಟಪ್ರಭಾ ನದಿಗೆ ಧೂಪದಾಳದಲ್ಲಿ 1897ರಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಆಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ದೊಡ್ಡ ಅಣೆಕಟ್ಟು ಬಂತು. ನೀರು ಬಂದದ್ದು ನಮ್ಮ ಪುಣ್ಯ. ನೀರು ಬಂದ ಹೊಲಕ್ಕೆ ಕಬ್ಬು ಬಂತು, ಗೋವಿನಜೋಳ ಬಂತು, ಬಿಳಿಜೋಳ ಹಿಂದೆ ಸರಿಯಿತು. ಕಬ್ಬು ರೊಕ್ಕ ತರುತ್ತದೆ. ಆದರೆ ಕಬ್ಬಿನ ಹೊಲದಿಂದ ಮನೆಯ ಹಗೇವಿಗೆ ಕಾಳು ಬರುವುದಿಲ್ಲ. ಜೋಳವನ್ನೂ ಪೇಟೆಯಿಂದ ತರಬೇಕಾಯಿತು. ರೇಷನ್ ಅಕ್ಕಿ ಬಂದ ಮೇಲೆ ನುಚ್ಚಿನ ಗಡಿಗೆ ಅಟ್ಟ ಸೇರಿತು. ಇದು ಎಲ್ಲರ ಮನೆಯ ಕಥೆ.

ಇಂಥ ಬಿಸಿ ಗಂಜಿ ನಮ್ಮಲ್ಲಿ ಮಾತ್ರ ಇದೆ ಅಂತ ತಿಳಿಯಬಾರದು. ಸ್ಕಾಟ್ಲೆಂಡಿನವರು ಓಟ್ಸ್ ಎಂಬ ಧಾನ್ಯವನ್ನು ಒಡೆದು ಹೀಗೆಯೇ ಕುದಿಸಿ ಉಣ್ಣುತ್ತಾರೆ. ಕೀನ್ಯಾ ದೇಶದಲ್ಲಿ ರಾಗಿ, ಜೋಳ, ಗೋವಿನಜೋಳದ ಹಿಟ್ಟಿನಿಂದ 'ಉಜಿ' ಎಂಬ ಗಂಜಿ ಮಾಡಿ ಮುಂಜಾನೆ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಜೋಳ ಮತ್ತು ರಾಗಿಯ ತವರು ಕೂಡ ಆಫ್ರಿಕಾ ಖಂಡವೇ. ಸಾವಿರಾರು ವರ್ಷಗಳ ಹಿಂದೆ ಅವು ಅಲ್ಲಿಂದ ನಮ್ಮಲ್ಲಿಗೆ ಬಂದವು. ಇಂಗ್ಲಿಷಿನವರು ಗಂಜಿಗೆ 'ಕಾಂಜಿ' ಅನ್ನುತ್ತಾರೆ. ಆ ಶಬ್ದ ಹೋದದ್ದು ನಮ್ಮ ದಕ್ಷಿಣ ಭಾರತದಿಂದ. ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಜೋಳ, ಸಜ್ಜೆ, ರಾಗಿ, ನವಣೆ ಎಲ್ಲ ಅದರಲ್ಲಿ ಸೇರಿವೆ. ಜಗತ್ತು ಹೊಗಳಿದ ಕಾಳನ್ನು ನಾವು ಬಿಟ್ಟು ಕುಳಿತಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಲ್ಲ.

ಯಾವ ಕಾಳಿನಲ್ಲಿ ಏನಿದೆ?

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ನಮ್ಮ ದೇಶದ ಆಹಾರಗಳನ್ನೆಲ್ಲ ಪರೀಕ್ಷೆ ಮಾಡಿ ಯಾವುದರಲ್ಲಿ ಏನು ಎಷ್ಟಿದೆ ಎಂದು ಅವರು ಪಟ್ಟಿ ಮಾಡಿದ್ದಾರೆ. ಪ್ರತಿ 100 ಗ್ರಾಂಗೆ ಲೆಕ್ಕ ಹೀಗಿದೆ.

ಜೋಳ: ಪ್ರೋಟೀನ್ ಸುಮಾರು 10 ಗ್ರಾಂ. ನಾರು ಬಹಳ. ನಿಧಾನವಾಗಿ ಅರಗುತ್ತದೆ, ಆದ್ದರಿಂದ ಬಹಳ ಹೊತ್ತು ಹಸಿವಾಗುವುದಿಲ್ಲ. ಕ್ಯಾಲ್ಸಿಯಂ ಮಾತ್ರ ಕಡಿಮೆ, ಸುಮಾರು 28 ಮಿಲಿಗ್ರಾಂ.

ರಾಗಿ: ಪ್ರೋಟೀನ್ 7 ಗ್ರಾಂ ಮಾತ್ರ. ಆದರೆ ಕ್ಯಾಲ್ಸಿಯಂ ಸುಮಾರು 360 ಮಿಲಿಗ್ರಾಂ. ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ! ಎಲುಬು ಹಲ್ಲು ಬೆಳೆಯುವ ನಮ್ಮ ವಯಸ್ಸಿಗೆ ಇದು ಬೇಕೇ ಬೇಕು.

ಹೆಸರುಕಾಳು: ಪ್ರೋಟೀನ್ 22ರಿಂದ 24 ಗ್ರಾಂ.

ಶೇಂಗಾ: ಪ್ರೋಟೀನ್ ಸುಮಾರು 24 ಗ್ರಾಂ, ಜೊತೆಗೆ ಒಳ್ಳೆಯ ಎಣ್ಣೆ.

ಸಜ್ಜೆ: ಕಬ್ಬಿಣ 6 ಮಿಲಿಗ್ರಾಂಗಿಂತ ಹೆಚ್ಚು. ಧಾನ್ಯಗಳಲ್ಲಿ ಇದು ಒಳ್ಳೆಯ ಪ್ರಮಾಣ.

ಈಗ ಒಂದು ಮುಖ್ಯ ವಿಷಯ. ಜೋಳ ಅಥವಾ ರಾಗಿಯನ್ನು ಒಂದನ್ನೇ ಉಂಡರೆ ಸಾಲದು. ಪ್ರೋಟೀನು ಅಮೈನೋ ಆಮ್ಲ ಎಂಬ ಸಣ್ಣ ಸಣ್ಣ ಇಟ್ಟಿಗೆಗಳಿಂದ ಆಗಿದೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಇಟ್ಟಿಗೆ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೆಚ್ಚು. ಬೇಳೆಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ, ಧಾನ್ಯದಲ್ಲಿ ಅದು ಇದೆ. ಎರಡನ್ನೂ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಹಾಕಬೇಕು. ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಇರಬೇಕು ಅಂತ ನಮ್ಮ ಹಿರಿಯರು ಮಾಡಿದ್ದು ಇದನ್ನೇ. ಅವರಿಗೆ ಲೈಸಿನ್ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಮೊಳಕೆ ಬರಿಸುವುದು ಯಾಕೆ?

ಕಾಳುಗಳ ಮೇಲ್ಪದರಿನಲ್ಲಿ ಫೈಟಿಕ್ ಆಮ್ಲ ಎಂಬುದು ಇರುತ್ತದೆ. ಅದು ಕಬ್ಬಿಣ, ಸತುವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲಾಗುತ್ತದೆ. ಇನ್ನೊಂದು ಲಾಭವೂ ಇದೆ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಗಂಜಿ ಅಂಟಂಟಾಗಿ ಗಟ್ಟಿಯಾಗದೆ ತೆಳುವಾಗುತ್ತದೆ. ತೆಳುವಾದ್ದರಿಂದ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಸಣ್ಣ ಮಕ್ಕಳ ಹೊಟ್ಟೆ ಸಣ್ಣದು. ಅವರಿಗೆ ನೀರು ಗಂಜಿ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ ಕೂಸುಗಳಿಗೆ ಇಂಥದೇ ಆಹಾರ ರೂಪಿಸಿ ತೋರಿಸಿದರು.

ಬೇಕಾಗುವ ಸಾಮಾನು

ನಾಲ್ಕು ಮಂದಿಗೆ ಹತ್ತು ದಿನಕ್ಕೆ ಆಗುವಷ್ಟು ಅಳತೆ ಇದು.

ಬಿಳಿಜೋಳ 1 ಕಿಲೋ
ರಾಗಿ ಅರ್ಧ ಕಿಲೋ
ಹೆಸರುಕಾಳು ಅರ್ಧ ಕಿಲೋ
ಶೇಂಗಾ 400 ಗ್ರಾಂ (ಇದು ಬೇರೆ ಡಬ್ಬಿಗೆ)
ಬೆಲ್ಲ, ಉಪ್ಪು, ಯಾಲಕ್ಕಿ ಅಥವಾ ಒಣಶುಂಠಿ ರುಚಿಗೆ ತಕ್ಕಷ್ಟು

ರಾಗಿ ನಮ್ಮ ಕಡೆ ಉಣ್ಣುವವರು ಕಡಿಮೆ. ಆದರೆ ಸಂತೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ಆಯಿಯೂ "ಕರೀ ಹಿಟ್ಟು ಯಾರ ಉಣ್ಣಬೇಕು" ಅಂದಿದ್ದಳು. ಈಗ ಅವಳೇ ಡಬ್ಬಿ ಖಾಲಿಯಾಯಿತು ಅಂತ ನೆನಪು ಮಾಡುತ್ತಾಳೆ. ಸಿಗದಿದ್ದರೆ ಅದರ ಬದಲು ಸಜ್ಜೆ ಹಾಕಬಹುದು. ಆದರೆ ರಾಗಿಯಷ್ಟು ಕ್ಯಾಲ್ಸಿಯಂ ಸಿಗುವುದಿಲ್ಲ.

ತಯಾರಿಸುವ ಬಗೆ

1. ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ನಾಲ್ಕೈದು ಸಲ ತೊಳೆದು ಹನ್ನೆರಡು ತಾಸು ನೆನೆ ಹಾಕಬೇಕು. ಹೆಸರುಕಾಳಿಗೆ ಎಂಟು ತಾಸು ಸಾಕು. ರಾತ್ರಿ ಹಾಕಿದರೆ ಮುಂಜಾನೆ ಆಗುತ್ತದೆ.

2. ನೀರು ಬಸಿದು, ಬೇರೆ ಬೇರೆ ಅರಿವೆಯಲ್ಲಿ ಸಡಿಲಾಗಿ ಕಟ್ಟಿ ಬೆಚ್ಚಗಿನ ಜಾಗದಲ್ಲಿ ಇಡಬೇಕು. ಅರಿವೆ ಒಣಗಿದರೆ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ಒಂದು ದಿನ ಸಾಕು, ಚಳಿಯಲ್ಲಿ ರಾಗಿಗೆ ಎರಡು ದಿನ ಬೇಕು. ಮೊಳಕೆ ಸಣ್ಣದಾಗಿ ಮೂಗು ತೋರಿಸಿದರೆ ಸಾಕು. ಉದ್ದ ಬಿಡಬಾರದು.

3. ಸ್ವಚ್ಛ ಅರಿವೆಯ ಮೇಲೆ ತೆಳುವಾಗಿ ಹರವಿ, ಮೇಲೊಂದು ತೆಳು ಅರಿವೆ ಹೊದಿಸಿ ಎರಡು ದಿನ ಒಣಗಿಸಬೇಕು. ಹಲ್ಲಿನಿಂದ ಕಡಿದರೆ ಕಟ್ ಅನ್ನಬೇಕು. ಆಮೇಲೆ ಅಂಗೈಯಿಂದ ತಿಕ್ಕಿ ಮೊರದಲ್ಲಿ ಕೇರಿದರೆ ಬೇರಿನ ಎಳೆಗಳು ಹಾರಿ ಹೋಗುತ್ತವೆ.

4. ಬುಟ್ಟಿ ಅಥವಾ ಹಂಚಿನಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವಷ್ಟು ಮಾತ್ರ ಹುರಿಯಬೇಕು. ಕಪ್ಪಾಗುವಂತೆ ಹುರಿದರೆ ಮೊಳಕೆಯ ಗುಣ ಸುಟ್ಟು ಹೋಗುತ್ತದೆ.

5. ಜೋಳವನ್ನು ತೊಳೆದು, ಒಣಗಿಸಿ, ಹುರಿಯಬೇಕು. ಒಂದೆರಡು ಕಾಳು ಅರಳಿನಂತೆ ಸಿಡಿದರೆ ಹುರಿದದ್ದು ಸಾಕು. ಜೋಳಕ್ಕೆ ಮೊಳಕೆ ಬರಿಸಬಾರದು. ಕಾರಣ ಕೆಳಗೆ ಬರೆದಿದ್ದೇನೆ.

6. ಎಲ್ಲ ಪೂರ್ತಿ ಆರಿದ ಮೇಲೆ ಗಿರಣಿಗೆ ಒಯ್ಯಬೇಕು. ಜೋಳವನ್ನು ರವೆಯಂತೆ ದಪ್ಪಗೆ ಒಡೆಸಬೇಕು. ರಾಗಿ ಮತ್ತು ಹೆಸರು ಕೂಡಿಸಿ ಸಣ್ಣಗೆ ಬೀಸಿಸಬೇಕು. ಹೀಗೆ ಎರಡು ಡಬ್ಬಿ ಆಗುತ್ತವೆ. ಒಂದು ನುಚ್ಚಿನ ಡಬ್ಬಿ, ಒಂದು ಹಿಟ್ಟಿನ ಡಬ್ಬಿ.

7. ಶೇಂಗಾ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಪುಡಿ ಮಾಡಿ ಬೇರೆ ಇಡಬೇಕು. ಹಿಟ್ಟಿನಲ್ಲಿ ಸೇರಿಸಿಟ್ಟರೆ ಅದರ ಎಣ್ಣೆ ಕೆಟ್ಟು ಡಬ್ಬಿಯೆಲ್ಲ ಕಮಟು ವಾಸನೆ ಬರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕುಟ್ಟುವುದು ಒಳ್ಳೆಯದು.

ಕುದಿಸುವ ಬಗೆ

ನಾಲ್ಕು ಮಂದಿಗೆ ಒಂದು ವಾಟಿ ನುಚ್ಚು, ಒಂದು ವಾಟಿ ಹಿಟ್ಟು, ಎಂಟು ವಾಟಿ ನೀರು. ಇಷ್ಟನ್ನು ನೆನಪಿಟ್ಟರೆ ಸಾಕು. ವಾಟಿ ಸುಮಾರು ನೂರು ಗ್ರಾಂ ನುಚ್ಚು ಹಿಡಿಯುವಂಥದು ಇರಲಿ.

ರಾತ್ರಿ ಮಲಗುವ ಮುಂದೆ ನುಚ್ಚನ್ನು ಐದು ವಾಟಿ ನೀರಿನಲ್ಲಿ ನೆನೆ ಹಾಕಿ ಮುಚ್ಚಿಡಿರಿ. ಇದರಿಂದ ಮುಂಜಾನೆ ಉರುವಲೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಎದ್ದ ಕೂಡಲೇ ಅದೇ ನೀರಿನೊಂದಿಗೆ ಒಲೆಯ ಮೇಲೆ ಇಟ್ಟು ಹತ್ತು ಹನ್ನೆರಡು ನಿಮಿಷ ಕುದಿಸಿರಿ. ನಡುನಡುವೆ ಕೈಯಾಡಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕಾಳು ಬೆರಳಿನಿಂದ ಒತ್ತಿದರೆ ಮೆತ್ತಗಾಗಬೇಕು.

ಅಷ್ಟರಲ್ಲಿ ಉಳಿದ ಮೂರು ವಾಟಿ ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿರಿ. ಬಿಸಿನೀರಿನಲ್ಲಿ ಹಿಟ್ಟು ಸುರಿದರೆ ಗಂಟೇ ಗಂಟು. ಉರಿ ಸಣ್ಣ ಮಾಡಿ, ಕುದಿ ಇಳಿದ ಮೇಲೆ ಕಲಸಿದ ಹಿಟ್ಟು ಹಾಕಿ ಕೈಯಾಡಿಸುತ್ತ ಮತ್ತೆ ಐದು ನಿಮಿಷ ಕುದಿಸಿರಿ. ಹಸಿ ವಾಸನೆ ಹೋಗಿ ಘಮ ಬಂದರೆ ಆಯಿತು. ಇಳಿಸುವಾಗ ಚಿಟಿಕೆ ಉಪ್ಪು.

ಇದನ್ನು ಎರಡು ಬಗೆಯಲ್ಲಿ ಉಣ್ಣಬಹುದು.

ಸಿಹಿ ಬಗೆ: ಹಾಲು, ಸ್ವಲ್ಪ ಬೆಲ್ಲ, ಯಾಲಕ್ಕಿ, ಮೇಲೆ ತಲೆಗೊಂದು ಚಮಚ ಶೇಂಗಾ ಪುಡಿ.

ಖಾರದ ಬಗೆ: ಕುದಿಯುವಾಗಲೇ ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು ಅಥವಾ ಮೆಂತ್ಯ ಸೊಪ್ಪು ಹಾಕಿರಿ. ಜೀರಿಗೆ, ಕರಿಬೇವು, ಬಳ್ಳೊಳ್ಳಿಯ ಒಗ್ಗರಣೆ ಕೊಡಿರಿ. ಒಲೆಯಿಂದ ಇಳಿಸಿದ ಮೇಲೆ ಲಿಂಬೆಹುಳಿ ಹಿಂಡಿರಿ. ಒಲೆಯ ಮೇಲಿದ್ದಾಗ ಹಿಂಡಬಾರದು, ಯಾಕೆಂದರೆ ಸಿ ಜೀವಸತ್ವ ಕಾವಿಗೆ ನಾಶವಾಗುತ್ತದೆ. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಈ ಹುಳಿಯೇ ಸಹಾಯ ಮಾಡುತ್ತದೆ.

ಅಕ್ಕೋರು ಇನ್ನೊಂದು ಹೇಳಿದರು. ಹಾಲಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಸ್ವಲ್ಪ ಅಡ್ಡಿ ಮಾಡುತ್ತದಂತೆ. ಆದ್ದರಿಂದ ಒಂದು ದಿನ ಹಾಲಿನದು, ಒಂದು ದಿನ ಲಿಂಬೆಯದು ಮಾಡಿದರೆ ಎರಡೂ ಸಿಗುತ್ತವೆ, ಬೇಸರವೂ ಆಗುವುದಿಲ್ಲ. ಚಹಾ ಬಿಡಲಾಗದ ದೊಡ್ಡವರು ಉಂಡ ಒಂದು ತಾಸಿನ ಮೇಲೆ ಕುಡಿಯಲಿ.

ಎಚ್ಚರಿಕೆ! ಇದನ್ನು ತಪ್ಪದೆ ಓದಿರಿ

ಒಂದನೆಯದು. ಎಳೆಯ ಜೋಳದ ಬೆಳೆ ಮೇಯ್ದ ದನ ಸತ್ತದ್ದನ್ನು ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಜೋಳದ ಎಳೆ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಅದು ಒಡೆದಾಗ ಸಯನೈಡ್ ವಿಷ ಹುಟ್ಟುತ್ತದೆ. ಜೋಳದ ಮೊಳಕೆಯಲ್ಲೂ ಅದೇ ಇರುತ್ತದೆ. ಒಣ ಜೋಳದ ಕಾಳಿನಲ್ಲಿ ಈ ಭಯವಿಲ್ಲ. ಹಾಗಾಗಿ ಹೆಸರು ರಾಗಿಗೆ ಮೊಳಕೆ ಬರಿಸಿದಂತೆ ಜೋಳಕ್ಕೂ ಬರಿಸಲು ಹೋಗಬೇಡಿರಿ. ನಾನು ಮೊದಲ ಸಲ ಎಲ್ಲ ಕಾಳನ್ನೂ ಕೂಡಿಸಿ ನೆನೆ ಹಾಕಿದ್ದೆ. ಮೊಳಕೆ ಬಂದದ್ದನ್ನು ಕಂಡು ಆಯಿ, "ಜ್ವಾಳದ ಮೊಳಕಿ ದನಾನೂ ತಿನ್ನಬಾರ್ದು" ಅಂತ ಎಲ್ಲವನ್ನೂ ತಿಪ್ಪೆಯಲ್ಲಿ ಹುಗಿಸಿದಳು. ಸಾಲಿ ಕಲಿಯದ ಆಯಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಎರಡನೆಯದು. ಮೊಳಕೆಗೆ ಬೂಸರು ಬಂದರೆ, ಹುಳಿ ಅಥವಾ ಮುಗ್ಗು ವಾಸನೆ ಬಂದರೆ ಒಣಗಿಸಿ ಬಳಸೋಣ ಅನ್ನಬಾರದು. ಬೂಸರಿನ ವಿಷ ಹುರಿದರೂ ಹೋಗುವುದಿಲ್ಲ. ಮುಗ್ಗಿದ ಶೇಂಗಾಕ್ಕೂ ಇದೇ ಮಾತು. ನನ್ನ ಎರಡನೇ ಸಲದ ಕಾಳು ಮಳೆಗಾಲದಲ್ಲಿ ಹೀಗೆ ಹೋಯಿತು.

ಮೂರನೆಯದು. ಹಸಿ ಇದ್ದ ಕಾಳನ್ನು ಗಿರಣಿಗೆ ಒಯ್ಯಬಾರದು. ಮೂರನೇ ಸಲ ನಾನು ಒಯ್ದಾಗ ಕಲ್ಲಿಗೆ ಹಿಟ್ಟು ಮೆತ್ತಿ ಗಿರಣಿಯ ಕಾಕಾನಿಂದ ಬೈಸಿಕೊಂಡೆ. ತಂದ ಹಿಟ್ಟೂ ನಾಲ್ಕು ದಿನದಲ್ಲಿ ಗಡ್ಡೆ ಕಟ್ಟಿತು.

ನಾಲ್ಕನೆಯದು. ಡಬ್ಬಿಗೆ ಒದ್ದೆ ಚಮಚ ಹಾಕಬಾರದು. ಹಿಟ್ಟನ್ನು ಒಂದು ತಿಂಗಳಲ್ಲಿ ಮುಗಿಸಬೇಕು.

ಐದನೆಯದು. ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬಾರದು, ಉಸಿರಿನ ಕೊಳವೆಗೆ ಸಿಕ್ಕೀತು. ಪುಡಿ ಮಾಡಿ ಬೆರೆಸಬೇಕು. ಆರು ತಿಂಗಳ ತನಕ ಕೂಸಿಗೆ ತಾಯಿಯ ಹಾಲು ಮಾತ್ರ. ಶೇಂಗಾ ತಿಂದರೆ ಮೈಯೆಲ್ಲ ತುರಿಸಿ ಬಾವು ಬರುವವರು ಅದನ್ನು ಬಿಡಬೇಕು.

ಲೆಕ್ಕ ಮಾಡಿ ನೋಡೋಣ

ಒಬ್ಬರ ಪಾಲಿಗೆ 25 ಗ್ರಾಂ ನುಚ್ಚು, 25 ಗ್ರಾಂ ಹಿಟ್ಟು, ಒಟ್ಟು 50 ಗ್ರಾಂ ಬರುತ್ತದೆ. ಇದರಲ್ಲಿ ಪ್ರೋಟೀನ್ ಸುಮಾರು 6 ಗ್ರಾಂ. ಹತ್ತು ಗ್ರಾಂ ಶೇಂಗಾ ಪುಡಿಯಿಂದ 2 ಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಸಣ್ಣ ಲೋಟ ಹಾಲಿನಿಂದ ಸುಮಾರು 5 ಗ್ರಾಂ. ಒಟ್ಟು 13ರಿಂದ 14 ಗ್ರಾಂ. ಹದಿಮೂರರಿಂದ ಹದಿನೈದು ವರ್ಷದ ಹುಡುಗಿಗೆ ದಿನಕ್ಕೆ ಬೇಕಾದದ್ದು ಸುಮಾರು 43 ಗ್ರಾಂ. ಅಂದರೆ ಮೂರನೆಯ ಒಂದು ಪಾಲು ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಹೊಟ್ಟೆಗೆ ಸೇರಿತು!

ಹಾಲು ಇಲ್ಲದ ಮನೆಯವರು ಬೇಸರ ಪಡಬೇಕಿಲ್ಲ. ಒಂದರ ಬದಲು ಎರಡು ಚಮಚ ಶೇಂಗಾ ಪುಡಿ ಹಾಕಿರಿ, ಮಜ್ಜಿಗೆ ಇದ್ದರೆ ಬೆರೆಸಿರಿ. ಶಾಲೆಯ ಹಾಲನ್ನು ತಪ್ಪದೆ ಕುಡಿಯಿರಿ.

ಖರ್ಚಿನ ಲೆಕ್ಕವನ್ನು ನೀವೇ ಮಾಡಿರಿ. ಮನೆಯಲ್ಲಿ ಹತ್ತು ದಿನ ಚಹಾದ ಜೊತೆಗೆ ತರುವ ಖಾರಿ, ಬಿಸ್ಕೀಟಿನ ರೊಕ್ಕ ಒಂದು ಕಡೆ ಬರೆಯಿರಿ. ಮೇಲೆ ಹೇಳಿದ ಸಾಮಾನಿನ ರೊಕ್ಕ ಇನ್ನೊಂದು ಕಡೆ ಬರೆಯಿರಿ. ಗಣಿತದ ಸರ್ ಅವರಿಗೆ ತೋರಿಸಿರಿ.

ಕೆಲವರು ಕೇಳಿದ ಪ್ರಶ್ನೆಗಳು

ಬೆಲ್ಲ ಎಷ್ಟು ಬೇಕಾದರೂ ಹಾಕಬಹುದೇ? ನಮ್ಮದು ಬೆಲ್ಲದ ಸೀಮೆ, ಕರದಂಟಿನ ಊರು. ಬೆಲ್ಲವೆಂದರೆ ನಮಗೆ ಪ್ರೀತಿ. ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. ತಲೆಗೆ ಒಂದು ಸಣ್ಣ ಚಮಚ ಸಾಕು. ಸಕ್ಕರೆ ಕಾಯಿಲೆ ಇರುವ ಅಜ್ಜ ಆಯಿಗಳಿಗೆ ಖಾರದ ಬಗೆಯೇ ಒಳ್ಳೆಯದು, ಅದೂ ಅಳತೆಯಲ್ಲಿ.

ಅಂಗಡಿಯ ಡಬ್ಬಿಯ ಪುಡಿಗಳು ಇದಕ್ಕಿಂತ ಒಳ್ಳೆಯವಲ್ಲವೇ? ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತಾರೆ. ಹೆಚ್ಚು ಇರುವ ವಸ್ತುವಿನ ಹೆಸರು ಮೊದಲು ಬರುತ್ತದೆ. ಸಕ್ಕರೆಯ ಹೆಸರು ಎಷ್ಟನೆಯದಿದೆ ಎಂದು ನೀವೇ ಓದಿ ನೋಡಿರಿ.

ನುಚ್ಚು ಉಂಡರೆ ರಕ್ತಹೀನತೆ ವಾಸಿಯಾಗುತ್ತದೆಯೇ? ಇಲ್ಲ. ನುಚ್ಚು ಔಷಧವಲ್ಲ, ಊಟ. ಪದೇ ಪದೇ ತಲೆ ತಿರುಗಿದರೆ, ಕಣ್ಣಿನ ರೆಪ್ಪೆಯ ಒಳಗೆ ಬಿಳಿಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಹೊಟ್ಟೆ ಹಸಿದಿರುವಾಗ ನುಂಗಬಾರದು, ಉಂಡ ಮೇಲೆ ನುಂಗಬೇಕು. "ಗುಳಿಗಿ ನುಂಗಿದ್ರ ಹೊಟ್ಟಿ ತೊಳಸ್ತೈತಿ" ಅಂತ ಕೆಲವರು ಕಿಡಕಿಯಿಂದ ಎಸೆಯುವುದು ನನಗೂ ಗೊತ್ತು. ಉಂಡು ನುಂಗಿದರೆ ಹಾಗೆ ಆಗುವುದು ಕಡಿಮೆ.

ಇದು ಹುಡುಗಿಯರ ಕೆಲಸವಲ್ಲವೇ? ಈ ಪ್ರಶ್ನೆ ಕೇಳಿದ ಹುಡುಗನಿಗೆ ನನ್ನ ಉತ್ತರ: ಹಸಿವು ಇಬ್ಬರಿಗೂ ಆಗುತ್ತದೆ. ನಮ್ಮ ಮನೆಯಲ್ಲಿ ಈಗ ಹಿಟ್ಟು ಕಲಸುವ ಕೆಲಸ ಏಳನೆಯ ಇಯತ್ತೆಯ ನನ್ನ ತಮ್ಮನದು. ಗಂಟಿಲ್ಲದಂತೆ ಕಲಸುವುದರಲ್ಲಿ ನನಗಿಂತ ಅವನೇ ಜಾಣ.

ಕೊನೆಯ ಮಾತು

ನನ್ನ ಗೆಳತಿ ನಮ್ಮ ಮನೆಗೆ ಬಂದು ಮಾಡುವುದನ್ನು ನೋಡಿಕೊಂಡು ಹೋದಳು. ಎರಡು ಮನೆಯ ಕಾಳು ಕೂಡಿಸಿ ಒಟ್ಟಿಗೇ ಹುರಿದು ಬೀಸಿಸಿಕೊಂಡು ಬಂದೆವು. ಹೀಗೆ ಇಬ್ಬರು ಮೂವರು ಕೂಡಿ ಮಾಡಿದರೆ ಕೆಲಸ ಹಗುರ. ಅವಳ ಅವ್ವ ಈಗ ರಾತ್ರಿಯೇ ನುಚ್ಚು ನೆನೆ ಹಾಕಿ ಮಲಗುತ್ತಾಳೆ. ಮುಂಜಾನೆ ಗಾಡಿ ಬರುವ ಮುಂದೆ ತಾನೂ ಒಂದು ವಾಟಿ ಉಂಡೇ ಹೋಗುತ್ತಾಳೆ. ಇಷ್ಟು ದಿನ ಅವಳೂ ಬರೇ ಚಹಾದ ಮೇಲೆ ಕಬ್ಬಿನ ಹೊಲಕ್ಕೆ ಹೋಗುತ್ತಿದ್ದಳು ಅನ್ನುವುದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಬಲ್ಲವರಾಗೋಣ. ಮುಂದಿನ ಶನಿವಾರ ಅಕ್ಕೋರು ಮತ್ತೆ ಕೈ ಎತ್ತಿಸುತ್ತೇನೆ ಅಂದಿದ್ದಾರೆ. ಬರೇ ಚಹಾ ಕುಡಿದು ಬಂದವರ ಕೈಗಳು ಆ ದಿನ ಕಡಿಮೆ ಇರಲಿ.

ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ನಿಮ್ಮ ಮನೆಯಲ್ಲಿ ಬೇರೆ ಬಗೆಯ ನುಚ್ಚು ಮಾಡುತ್ತಿದ್ದರೆ ಒಂದು ಹಾಳೆಯಲ್ಲಿ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

ಇಂತಿ ನಿಮ್ಮ ಸಹಪಾಠಿ,
ಒಂಬತ್ತನೆಯ ಇಯತ್ತೆ